ಅಳತೆ ಕಳುವಾದ ಪ್ರಕರಣ

ನಮ್ಮ ತಲೆಯ ಮೇಲಿನ ಮನೆಯಲ್ಲಿ ನೆಲ ಹಾಕುವ ಕೆಲಸ ಶುರುವಾದ ಮೇಲೆ ನಾನು ಮನುಷ್ಯನಂತೆ ನಿದ್ದೆ ಮಾಡಿಲ್ಲ. ರಾತ್ರಿ ಪಾಳಿಯ ಬಸ್ಸು ಓಡಿಸುವವನು ನಾನು. ಊರೆಲ್ಲ ಎದ್ದು ಹಲ್ಲುಜ್ಜುವ ಹೊತ್ತಿಗೆ ಬಂದು ಮಲಗುತ್ತೇನೆ. ಕಣ್ಣಿಗೆ ನಿದ್ದೆ ಹತ್ತಿತು ಎನ್ನುವಷ್ಟರಲ್ಲಿ ಮೇಲಿನಿಂದ ಟಕ್ ಟಕ್. ಮಗ್ಗುಲು ಬದಲಾಯಿಸಿದರೆ ಆ ಮಗ್ಗುಲಿಗೂ ಟಕ್ ಟಕ್. ಇದನ್ನು ದೂರು ಎಂದು ತಿಳಿಯಬೇಡಿ, ದೂರು ಕೊಡುವ ತ್ರಾಣ ನನ್ನಲ್ಲಿಲ್ಲ. ನಮ್ಮ ಕಟ್ಟಡದಲ್ಲಿ ನಡೆದ ಕಳವಿನ ಬಗ್ಗೆ ಒಬ್ಬೊಬ್ಬರು ಒಂದೊಂದು ಕಥೆ ಕಟ್ಟಿರುವುದರಿಂದ, ನಡೆದದ್ದನ್ನು ನಡೆದ ಹಾಗೆ ಹೇಳಿ ಮಲಗೋಣ ಅಂತ ಅಷ್ಟೆ.

ಮೇಲಿನ ಮನೆಯವರನ್ನು ಎಲ್ಲರೂ ನಾನೇರಾಯರು ಅನ್ನುತ್ತಾರೆ. ಆ ಹೆಸರು ಅವರ ಸ್ವಂತ ಸಂಪಾದನೆ. ಫ್ಯಾನ್ ನಿಂತರೆ "ನಾನೇ ನೋಡ್ತೀನಿ", ನಲ್ಲಿ ಸೋರಿದರೆ "ನಾನೇ ಬಿಗೀತೀನಿ". ಅವರು ವಿಮಾ ಕಚೇರಿಯಲ್ಲಿ ಗುಮಾಸ್ತರು. ಅಲ್ಲಿ ನಾಲ್ಕು ಜನರ ಸಹಿ ಬೀಳದೆ ಒಂದು ಕಡತ ಮೇಜಿನಿಂದ ಮೇಜಿಗೆ ಹೋಗುವುದಿಲ್ಲವಂತೆ. ಆ ಸಿಟ್ಟನ್ನೆಲ್ಲ ಅವರು ಮನೆಗೆ ತಂದು ಸುತ್ತಿಗೆಯ ಮೂಲಕ ತೀರಿಸಿಕೊಳ್ಳುತ್ತಾರೆ.

ಅವರ ಹೆಂಡತಿಯನ್ನು ನಾನು ಅತ್ತಿಗೆ ಎಂದು ಕರೆಯುತ್ತೇನೆ. ಅತ್ತಿಗೆ ಒಡೆದ ಟೈಲ್ಸಿನ ಅಂಚಿಗೆ ಎಡವಿ ಕಾಲ್ಬೆರಳು ಬದನೆಕಾಯಿಯಂತೆ ಊದಿಸಿಕೊಂಡಿದ್ದರು. ಅದೂ ಒಂದು ಸಲವಲ್ಲ. "ಕಾರ್ಪೆಂಟರ್ ಕರೆಸಿ, ಈ ಹಾಳು ನೆಲದ ಮೇಲೆ ಲ್ಯಾಮಿನೇಟ್ ಹಲಗೆ ಹಾಕ್ಸಿಬಿಡಿ" ಎಂದರು. "ಅದಕ್ಕೆ ಕಾರ್ಪೆಂಟರ್ ಯಾಕೆ? ನಾನೇ..." ಎಂದು ಇವರು ಬಾಯಿ ತೆಗೆದರು. ಮಾತು ಮುಗಿಯುವಷ್ಟರಲ್ಲಿ ಅತ್ತಿಗೆ ಚೀಲಕ್ಕೆ ಸೀರೆ ತುಂಬುತ್ತಿದ್ದರು.

"ನಾನು ಅಕ್ಕನ ಮನೇಲಿರ್ತೀನಿ. ನೆಲ ಆದ್ಮೇಲೆ ಫೋನ್ ಮಾಡಿ. ಅದಕ್ಕೆ ಮುಂಚೆ ಮಾಡ್ಬೇಡಿ."

ಇದನ್ನು ನಾನೇರಾಯರು ಮೆಟ್ಟಿಲ ಮೇಲೆ ನನ್ನನ್ನು ತಡೆದು ಹೇಳಿದರು. ನಾನು ನಿಂತಲ್ಲೇ ತೂಕಡಿಸುತ್ತಿದ್ದೆ. ಅವರು ನನ್ನ ತೋಳು ಹಿಡಿದು ಅಲ್ಲಾಡಿಸಿದರು.

"ನೀವೇ ನೋಡ್ತಾ ಇರಿ. ಅವಳು ವಾಪಸ್ ಬಂದಾಗ ಬಾಗಿಲಿಂದ ಅಡುಗೆಮನೆತನಕ ಬರಿಗಾಲಲ್ಲಿ, ಕಣ್ಣು ಮುಚ್ಕೊಂಡು ನಡೀಬೇಕು. ಎಲ್ಲೂ ಕೂದಲೆಳೆಯಷ್ಟೂ ಕಾಲಿಗೆ ತಗುಲಬಾರದು. ಹಾಗೆ ಮಾಡಿ ಅವಳನ್ನ ಕರೆಸ್ತೀನಿ. ಅಲ್ಲೀತನಕ ಫೋನ್ ಮುಟ್ಟಲ್ಲ."

"ಒಳ್ಳೇದಾಗ್ಲಿ, ನಾನು ಮಲಗ್ತೀನಿ" ಎಂದೆ. ಆ ಎರಡರಲ್ಲಿ ಒಂದೂ ಆಗಲಿಲ್ಲ.

ಕೋಣೆಯ ನಡುವಿನ ಕೆಲಸ ಸುಲಭ. ಹಲಗೆಗೆ ಹಲಗೆ ಸಿಕ್ಕಿಸಿಕೊಂಡು, ಮೆಲ್ಲಗೆ ತಟ್ಟುತ್ತ ಹೋದರಾಯಿತು. ಮೆಲ್ಲಗೆ ಎಂಬುದು ತಟ್ಟುವವರ ಅಭಿಪ್ರಾಯ, ಕೆಳಗಿನವರದಲ್ಲ. ತಾಪತ್ರಯ ಇರುವುದು ಬಾಗಿಲುಗಳಲ್ಲಿ. ಬಾಗಿಲ ಚೌಕಟ್ಟು ನೆಟ್ಟಗೆ ನೆಲಕ್ಕಿಳಿಯುವುದಿಲ್ಲ. ಅದಕ್ಕೊಂದು ಕಚ್ಚು, ಕಚ್ಚಿಗೊಂದು ತೋಡು, ತೋಡಿನ ಪಕ್ಕದಲ್ಲಿ ಅಲಂಕಾರಕ್ಕೆ ಹೊಡೆದ ಪಟ್ಟಿ, ಪಟ್ಟಿಯ ಮೈಮೇಲೆ ಉಬ್ಬುತಗ್ಗು. ಹಲಗೆಯ ಅಂಚು ಆ ಅಂಕುಡೊಂಕುಗಳನ್ನೆಲ್ಲ ಸುತ್ತಿಕೊಂಡು ಸಂದಿಯಿಲ್ಲದೆ ಕೂರಬೇಕು.

ಹಲಗೆ ಮಾರಿದ ಅಂಗಡಿಯವನು ಎರಡು ಮಾತು ಹೇಳಿ ಕಳಿಸಿದ್ದ. ಒಂದು: "ಹಲಗೇಲಿ ನಕ್ಷೆ ಬಿಡಿಸೋಕೆ ಹೋಗ್ಬೇಡಿ ಸಾರ್. ಚೌಕಟ್ಟಿನ ಕಾಲ ಹತ್ರ ಒಂದು ತುಂಡು ಹಲಗೆ ಇಟ್ಟು, ಅದರ ಮೇಲೆ ಗರಗಸ ಮಲಗ್ಸಿ, ಚೌಕಟ್ಟಿನ ಬುಡಾನೇ ಕುಯ್ದುಬಿಡಿ. ಹಲಗೆ ಅದರ ಅಡಿಗೆ ತಳ್ಳಿದ್ರೆ ಮುಗೀತು." ಎರಡು: "ಮಷಿನ್ ಗರಗಸದಲ್ಲಿ ಹಲಗೆ ಕುಯ್ಯೋವಾಗ ಬೆನ್ನು ಮೇಲೆ ಮಾಡಿಟ್ಕೊಳ್ಳಿ. ಇಲ್ಲಾಂದ್ರೆ ಮುಖದ ಬಣ್ಣ ಚಕ್ಕೆ ಏಳುತ್ತೆ."

ನಾನೇರಾಯರು ಮೊದಲನೆಯ ಮಾತಿಗೆ ನಕ್ಕರು. ಚೌಕಟ್ಟು ಕುಯ್ದು ಹಲಗೆಯನ್ನು ಅಡಿಗೆ ತಳ್ಳುವುದು ಕೈಲಾಗದವರ ಕೆಲಸ, ನಾನು ಹಲಗೆಯನ್ನೇ ಚೌಕಟ್ಟಿನ ಆಕಾರಕ್ಕೆ ತರುತ್ತೇನೆ ಎಂದರು. ಎರಡನೆಯ ಮಾತನ್ನು ಮಾತ್ರ ಶಿರಸಾವಹಿಸಿ ಪಾಲಿಸಿದರು. ನಮ್ಮೆಲ್ಲರ ಕೇಡಿಗೆ ಅದೇ ಮೂಲ.

ಅವರು ಮಾಡಿದ್ದು ಹೀಗೆ. ಪ್ರತಿ ಬಾಗಿಲಿಗೂ ಒಂದೊಂದು ರಟ್ಟು ತೆಗೆದುಕೊಂಡು, ಚೌಕಟ್ಟಿಗೆ ಆನಿಸಿ, ಅಂಕುಡೊಂಕಾಗಿ ಕತ್ತರಿಸಿ ಅಚ್ಚು ಮಾಡಿದರು. ಆ ಅಚ್ಚುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅಕ್ಕಸಾಲಿಗನ ಕೆಲಸ. ಆಮೇಲೆ ಹಲಗೆಗಳನ್ನು ಬೋರಲು ಹಾಕಿ, ಬೆನ್ನ ಮೇಲೆ ಅಚ್ಚು ಇಟ್ಟು, ಗೆರೆ ಎಳೆದು, ಕುಯ್ದರು. ಬೆನ್ನ ಮೇಲೆ ಇಡುವಾಗ ಅಚ್ಚನ್ನೂ ಬೋರಲು ಹಾಕಬೇಕು ಎಂಬುದು ಅವರಿಗೆ ಹೊಳೆಯಲಿಲ್ಲ. ಹಾಗಾಗಿ ಹಲಗೆಯನ್ನು ತಿರುಗಿಸಿದರೆ ಎಡಕ್ಕಿರಬೇಕಾದ್ದು ಬಲಕ್ಕೆ, ಬಲಕ್ಕಿರಬೇಕಾದ್ದು ಎಡಕ್ಕೆ. ಇದು ನನಗೆ ಅರ್ಥವಾಗಿದ್ದು ಎಲ್ಲ ಮುಗಿದ ಮೇಲೆ. ನಾನು ಪಟ್ಟ ಪಾಡು ಓದುವವರೂ ಪಡುವುದು ಬೇಡ ಅಂತ ಮೊದಲೇ ಹೇಳಿಬಿಟ್ಟಿದ್ದೇನೆ.

ಒಂದು ಬಾಗಿಲಿನದು ಕುಯ್ದು ಕೂರಿಸಿ ನೋಡಿದ್ದರೆ ಅಲ್ಲಿಗೇ ಗೊತ್ತಾಗುತ್ತಿತ್ತು. ಆದರೆ ನಮ್ಮ ಕಟ್ಟಡದ ಸಂಘಕ್ಕೊಬ್ಬರು ಸೆಕ್ರೆಟರಿ ಇದ್ದಾರೆ. ಮಷಿನ್ ಗರಗಸ ಭಾನುವಾರ ಬೆಳಿಗ್ಗೆ ಮಾತ್ರ, ಅದೂ ತಾರಸಿಯ ಮೇಲೆ ಎಂಬುದು ಅವರ ನಿಯಮ. ಸುತ್ತಿಗೆಗೆ ನಿಯಮ ಮಾಡಲು ಅವರು ಮರೆತಿದ್ದಾರೆ, ಆ ವಿಷಯ ಬೇರೆ. ಹೀಗಾಗಿ ನಾನೇರಾಯರು ಐದೂ ಬಾಗಿಲುಗಳ ಹಲಗೆಗಳನ್ನು ತಾರಸಿಯಲ್ಲೇ ಒಂದೇ ಉಸಿರಿಗೆ ಕುಯ್ದು, ಮೈಯೆಲ್ಲ ಹೊಟ್ಟು ಮೆತ್ತಿಕೊಂಡು, ಹೊತ್ತು ಕೆಳಗಿಳಿದರು.

ನನ್ನನ್ನು ಎಬ್ಬಿಸಿದ್ದು ಆಮೇಲೆ.

"ಸ್ವಲ್ಪ ಬನ್ನಿ. ನನ್ನ ತಲೆ ಕೆಟ್ಟಿದೆಯಾ ನೋಡಿ ಹೇಳಿ."

ಹೋದೆ. ಅವರು ಮಲಗುವ ಕೋಣೆಯ ಬಾಗಿಲಲ್ಲಿ ಮಂಡಿಯೂರಿ ರಟ್ಟನ್ನು ಚೌಕಟ್ಟಿಗಿಟ್ಟರು. ಅಚ್ಚುಕಟ್ಟಾಗಿ ಕೂತಿತು. ಅದೇ ರಟ್ಟನ್ನು ಹಲಗೆಯ ಬೆನ್ನಿಗಿಟ್ಟರು. ಅಲ್ಲೂ ಕೂತಿತು. ಹಲಗೆಯನ್ನು ತಿರುಗಿಸಿ ಚೌಕಟ್ಟಿಗಿಟ್ಟರು. ಒಂದು ಕಡೆ ಗುದ್ದಿತು, ಇನ್ನೊಂದು ಕಡೆ ಹೆಬ್ಬೆರಳು ತೂರುವಷ್ಟು ಸಂದಿ.

"ಅಚ್ಚು ಬಾಗಿಲಿಗೆ ಸರಿ. ಅಚ್ಚು ಹಲಗೆಗೆ ಸರಿ. ಹಲಗೆ ಬಾಗಿಲಿಗೆ ತಪ್ಪು. ಏನಿದು?"

ಯೋಚಿಸಿದೆ. ಯೋಚಿಸುತ್ತ ಗೋಡೆಗೊರಗಿದೆ. ಒರಗಿದವನು ಗೊರಕೆ ಹೊಡೆದೆನಂತೆ. ಅವರು ನನ್ನನ್ನು ಎಬ್ಬಿಸಲಿಲ್ಲ, ಅಷ್ಟು ಒಳ್ಳೆಯತನ ಅವರಲ್ಲಿದೆ. ಹಲಗೆಗಳನ್ನೆಲ್ಲ ಹೊರಗೆ ಮೆಟ್ಟಿಲ ಬಳಿ ಒರಗಿಸಿ, ಒಳಗೆ ಬಂದು ತಲೆಯ ಮೇಲೆ ಕೈಹೊತ್ತು ಕೂತರು.

ಇಲ್ಲಿ ನಮ್ಮ ಕಟ್ಟಡದ ವಿಚಾರ ಒಂದು ಮಾತು. ಮೆಟ್ಟಿಲಿನ ಬಲಕ್ಕೆ ಒಂದು ಮನೆ, ಎಡಕ್ಕೆ ಒಂದು. ಕಟ್ಟಿದವನು ಒಂದೇ ನಕ್ಷೆಯನ್ನು ಮಗುಚಿ ಎಡಗಡೆಯದನ್ನು ಕಟ್ಟಿದ್ದಾನೆ. ನಮ್ಮ ಅಡುಗೆಮನೆ ಬಲಕ್ಕಿದ್ದರೆ ಅವರದು ಎಡಕ್ಕೆ. ನಾನೇರಾಯರದು ಬಲಗಡೆಯ ಮೇಲಿನ ಮನೆ, ಅದರ ಕೆಳಗೆ ನಾನು, ನನ್ನ ಕೆಳಗೆ ನೀರಿನ ಪಂಪು. ಎಡಗಡೆ ಮೇಲಿನಿಂದ ಕೆಳಕ್ಕೆ ಸೂಪರಿಂಟೆಂಡೆಂಟರು, ಸೆಕ್ರೆಟರಿ, ನರ್ಸಮ್ಮ.

ಸೂಪರಿಂಟೆಂಡೆಂಟರು ಸರ್ಕಾರಿ ಉಗ್ರಾಣದಲ್ಲಿದ್ದು ನಿವೃತ್ತರಾದವರು. ಜೀವಮಾನವೆಲ್ಲ ಏನು ಕಡಿಮೆಯಾಗಿದೆ ಎಂದು ಹುಡುಕಿದವರು. ಅವರು ಹೊರಗೆ ಬಂದು "ದಾರೀಲಿ ಅಡ್ಡ ಯಾರು ಇಟ್ಟಿದ್ದು ಇದನ್ನ?" ಎಂದು ಒಂದು ಹಲಗೆಯನ್ನು ಕಾಲಿನಿಂದ ಸರಿಸಿದರು. ಅದು ಜಾರಿ ಅವರ ಬಾಗಿಲಲ್ಲೇ ಅಡ್ಡ ಬಿತ್ತು. ಎತ್ತೋಣವೆಂದು ಬಗ್ಗಿ ಎಳೆದರೆ ಹಲಗೆ ಸರಕ್ಕನೆ ಚೌಕಟ್ಟಿನ ನಡುವೆ ಹೋಗಿ ಕೂತುಬಿಟ್ಟಿತು. ಒಂದು ಉಬ್ಬು ಬಿಡದೆ, ಒಂದು ತಗ್ಗು ಬಿಡದೆ.

ಅವರು ಒಂದು ಕ್ಷಣ ಅದನ್ನೇ ನೋಡಿದರು. ಆಮೇಲೆ ಇನ್ನೊಂದು ಹಲಗೆ ತೆಗೆದುಕೊಂಡು ತಮ್ಮ ಮಲಗುವ ಕೋಣೆಗೆ ಹೋದರು, ಕೂತಿತು. ಅಡುಗೆಮನೆಗೆ ಹೋದರು, ಕೂತಿತು. ಸ್ನಾನದ ಮನೆಯಿಂದ ಅವರ ಕೂಗು ಬಂತು.

"ನನ್ನ ಬಚ್ಚಲು ಬಾಗಿಲು! ಇವನು ಯಾವಾಗ ಬಂದಿದ್ದ?"

ನಾನು ಬೆಚ್ಚಿ ಎದ್ದೆ. ಸೆಕ್ರೆಟರಿ ಕೆಳಗಿನಿಂದ ಓಡಿಬಂದರು. ಸೂಪರಿಂಟೆಂಡೆಂಟರು ಸಾಕ್ಷ್ಯವನ್ನು ಪ್ರದರ್ಶಿಸಿದರು. ಸೆಕ್ರೆಟರಿ ನಕ್ಕು, "ಕಾಕತಾಳೀಯ ಸಾರ್, ಬೇಕಾದ್ರೆ ನಮ್ಮನೇಲಿ ನೋಡೋಣ" ಎಂದು ಹಲಗೆಗಳನ್ನು ಹೊತ್ತು ಇಳಿದರು. ತಿರುಗಿ ಹತ್ತಿ ಬಂದಾಗ ಮುಖದಲ್ಲಿ ನಗು ಇರಲಿಲ್ಲ.

"ನಮ್ಮನೇದೂ ಅಳೆದಿದ್ದಾನೆ. ಐದಕ್ಕೆ ಐದೂ."

ನರ್ಸಮ್ಮನ ಮನೆಯಲ್ಲೂ ಪರೀಕ್ಷೆಯಾಯಿತು. ಆಸ್ಪತ್ರೆಯಿಂದ ಆಗತಾನೇ ಬಂದು ಕಾಲಿಗೆ ಬಿಸಿನೀರು ಹಾಕಿಕೊಳ್ಳುತ್ತಿದ್ದ ಆಕೆ, ತನ್ನ ಮಲಗುವ ಕೋಣೆಯ ಬಾಗಿಲಲ್ಲಿ ಹಲಗೆ ಕೂತ ರೀತಿ ನೋಡಿ, ಬಕೆಟ್ಟನ್ನು ಅಲ್ಲೇ ಬಿಟ್ಟು ಒದ್ದೆಗಾಲಲ್ಲಿ ಮೇಲೆ ಬಂದರು.

ಈಗ ನಾನೇರಾಯರ ವಿಚಾರಣೆ.

"ಈ ಹಲಗೆ ಯಾರು ಕುಯ್ದಿದ್ದು?" ಎಂದರು ಸೂಪರಿಂಟೆಂಡೆಂಟರು.

"ನಾನೇ" ಎಂದರು ನಾನೇರಾಯರು.

"ಅಳತೆ ಯಾರು ತೆಗೆದಿದ್ದು?"

"ನಾನೇ."

"ಯಾರ ಮನೆಗೆ?"

"ನಮ್ಮ ಮನೆಗೆ."

"ಹಾಗಾದ್ರೆ ನಿಮ್ಮ ಮನೇಲಿ ಕೂರ್ಸಿ ತೋರ್ಸಿ."

ತೋರಿಸಿದರು. ಕೂರಲಿಲ್ಲ. ಐದು ಬಾಗಿಲಲ್ಲಿ ಒಂದಕ್ಕೂ ಕೂರಲಿಲ್ಲ. ಸೂಪರಿಂಟೆಂಡೆಂಟರು ಮೀಸೆ ತೀಡಿಕೊಂಡರು. "ನೋಡಿದ್ರಾ? ಇವರ ಮನೆ ಒಂದು ಬಿಟ್ಟು ಎಲ್ಲರ ಮನೆಗೂ ಕೂರುತ್ತೆ."

"ಎಲ್ಲರ ಮನೆಗೂ ಎಲ್ಲಿ?" ಎಂದು ನಾನು ಬಾಯಿ ಹಾಕಿದೆ. ಹಾಕಬಾರದಿತ್ತು. ಎಲ್ಲರೂ ಹಲಗೆ ಹಿಡಿದು ನಮ್ಮ ಮನೆಗೆ ನುಗ್ಗಿದರು. ನನ್ನ ಹಾಸಿಗೆ ತುಳಿದರು, ಬಾಗಿಲುಗಳಿಗೆಲ್ಲ ಹಲಗೆ ಇಟ್ಟು ನೋಡಿದರು. ಒಂದೂ ಕೂರಲಿಲ್ಲ. ನಿರಪರಾಧಿ ಎಂದು ನನ್ನನ್ನು ಮಲಗಲು ಬಿಡುತ್ತಾರೆ ಅಂದುಕೊಂಡೆ.

"ನಿಮ್ಮನೆ ಒಂದನ್ನ ಮಾತ್ರ ಯಾಕೆ ಬಿಟ್ಟಿದ್ದಾನೆ?" ಎಂದರು ಸೆಕ್ರೆಟರಿ ಕಣ್ಣು ಕಿರಿದು ಮಾಡಿ. "ನೀವು ರಾತ್ರಿಯೆಲ್ಲ ಹೊರಗಿರ್ತೀರಿ. ಇವನು ಅಳೀವಾಗ ಹಗಲು ಕಾವಲಿಗೆ ನೀವೇನಾ?"

ಇದಕ್ಕೆ ಉತ್ತರ ಕೊಡಬೇಕಾದರೆ ಮನುಷ್ಯನಿಗೆ ನಿದ್ದೆಯಾಗಿರಬೇಕು. ನಾನು ಸುಮ್ಮನೆ ತಲೆಯಾಡಿಸಿದೆ. ಅದನ್ನು ಅವರು ಒಪ್ಪಿಗೆ ಎಂದು ತೆಗೆದುಕೊಂಡರು.

ನಾನೇರಾಯರಾದರೂ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಅವರು ಮಾಡಿದ್ದೇ ಬೇರೆ. ಎಲ್ಲರೂ ಮೇಲೆ ಬಂದು ಸೂಪರಿಂಟೆಂಡೆಂಟರ ಬಾಗಿಲಲ್ಲಿ ಮತ್ತೆ ಕೂರಿಸಿದ್ದ ಹಲಗೆಯ ಮುಂದೆ ಬಗ್ಗಿ, ಅಂಚಿಗೆ ಬೆರಳೆಳೆದು ನೋಡಿದರು. ಅವರ ಮುಖ ಅರಳಿತು. ಪಾಪ, ಜೀವಮಾನದಲ್ಲಿ ಮೊದಲ ಸಲ ಅವರ ಕೈಯ ಕೆಲಸ ಒಂದು ಕಡೆ ಸರಿಯಾಗಿ ಕೂತಿತ್ತು.

"ಸಂದಿ ಇದೆಯಾ ಹೇಳಿ? ಕಾರ್ಪೆಂಟರ್ ಕೈಲಿ ಆಗುತ್ತಾ ಇದು? ಇಂಥ ಅಳತೆ ತೆಗೀಬೇಕಾದ್ರೆ ಗಂಟೆಗಟ್ಟಲೆ ನೆಲದ ಮೇಲೆ ಬಿದ್ಕೊಂಡಿರಬೇಕು!"

"ನನ್ನ ಕೋಣೇಲಿ ಗಂಟೆಗಟ್ಟಲೆ ಬಿದ್ಕೊಂಡಿದ್ದನಂತೆ!" ಎಂದು ನರ್ಸಮ್ಮ ಕಿರುಚಿದರು. ಸೆಕ್ರೆಟರಿ ಪೊಲೀಸಿಗೆ ಫೋನ್ ಮಾಡಿದರು. ಅದೇ ಕೈಯಲ್ಲಿ ಅತ್ತಿಗೆಯ ನಂಬರನ್ನೂ ಒತ್ತಿದರು.

ಆಗ ಮಾತ್ರ ನಾನೇರಾಯರ ಬಣ್ಣ ಇಳಿಯಿತು. "ಬೇಡ, ದಮ್ಮಯ್ಯ! ಪೊಲೀಸರು ಬರಲಿ, ಅವಳು ಬೇಡ. ಕೆಲಸ ಮುಗಿಯೋ ಮುಂಚೆ ಅವಳಿಗೆ ಗೊತ್ತಾಗಬಾರದು!"

"ಕೇಳಿಸ್ತಾ?" ಎಂದರು ಸೂಪರಿಂಟೆಂಡೆಂಟರು. "ಕೆಲಸ ಇನ್ನೂ ಮುಗಿದಿಲ್ಲವಂತೆ."

ಹೆಡ್ ಕಾನ್‌ಸ್ಟೇಬಲ್ಲು ಬಂದರು. ಅವರನ್ನು ನೋಡಿ ನನಗೆ ಅಣ್ಣತಮ್ಮಂದಿರನ್ನು ಕಂಡಷ್ಟು ಪ್ರೀತಿ ಬಂತು. ಅವರ ಕಣ್ಣೂ ನನ್ನ ಕಣ್ಣಿನಂತೆಯೇ ಕೆಂಪಗಿತ್ತು. ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಸಡಿಲ ಮಾಡಿಕೊಂಡು, "ಏನು ಹೋಗಿದೆ?" ಎಂದರು.

"ಅಳತೆ" ಎಂದರು ಸೂಪರಿಂಟೆಂಡೆಂಟರು.

"ಏನು?"

"ನಮ್ಮ ಬಾಗಿಲುಗಳ ಅಳತೆ. ನಾವು ಇಲ್ಲದಾಗ ಒಳಗೆ ಬಂದು ತಗೊಂಡು ಹೋಗಿದ್ದಾರೆ."

"ಬಾಗಿಲು ಇದೆಯಾ?"

"ಇದೆ."

"ಅಳತೆ?"

"ಅದೂ ಇದೆ. ಆದ್ರೆ ಇವರ ಹತ್ರಾನೂ ಇದೆ."

ಹೆಡ್ ಕಾನ್‌ಸ್ಟೇಬಲ್ಲು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. "ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತು ಬಂದಿದ್ದೀನಿ. ಸ್ವಲ್ಪ ನಿಧಾನಕ್ಕೆ, ಒಬ್ಬೊಬ್ಬರೇ ಹೇಳಿ." ಯಾರೂ ಒಬ್ಬೊಬ್ಬರೇ ಹೇಳಲಿಲ್ಲ. ಎಲ್ಲರೂ ಒಟ್ಟಿಗೆ ಹೇಳಿ ಮುಗಿಸುವ ಹೊತ್ತಿಗೆ ಅವರು ನಾನೇರಾಯರ ಕಡೆ ತಿರುಗಿ, ಬೇಸರದಿಂದಲೇ, "ಸ್ಟೇಷನ್‌ತನಕ ಬಂದು ಹೇಳಿಕೆ ಕೊಟ್ಟುಬಿಡಿ ಸ್ವಾಮಿ. ಬೀಗ ಏನೂ ಒಡೆದಿಲ್ಲ, ಆದ್ರೂ ಮೂರು ಮನೆ ಅಂದ್ರೆ ಸುಮ್ನೆ ಬಿಡೋಕಾಗಲ್ಲ" ಎಂದು ಬೂಟಿನ ದಾರ ಬಿಗಿದುಕೊಂಡರು.

ಅಷ್ಟರಲ್ಲಿ ಕೆಳಗೆ ಆಟೋ ನಿಂತ ಸದ್ದಾಯಿತು.

ಅತ್ತಿಗೆ ಮೆಟ್ಟಿಲು ಹತ್ತಿ ಬಂದರು. ಹೆಗಲಲ್ಲಿ ಅದೇ ಚೀಲ. ಯಾರನ್ನೂ ಮಾತಾಡಿಸಲಿಲ್ಲ. ನರ್ಸಮ್ಮ ಹೇಳಿದ್ದನ್ನು ಕೇಳಿದರು, ಸೂಪರಿಂಟೆಂಡೆಂಟರು ಹೇಳಿದ್ದನ್ನು ಕೇಳಿದರು, ಗಂಡನ ಕಡೆ ಒಮ್ಮೆ ನೋಡಿದರು. ನಾನೇರಾಯರು ತಮ್ಮ ಮನೆಯ ಬಾಗಿಲಿಗೆ ಬೆನ್ನು ಕೊಟ್ಟು, ಒಳಗಿನ ನೆಲ ಕಾಣದ ಹಾಗೆ ಎರಡೂ ಕೈ ಚಾಚಿ ನಿಂತಿದ್ದರು. ಅತ್ತಿಗೆ ಸೂಪರಿಂಟೆಂಡೆಂಟರ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಹಲಗೆಗೂ ಚೌಕಟ್ಟಿಗೂ ನಡುವೆ ಉಗುರು ತೂರಿಸಲು ನೋಡಿದರು. ತೂರಲಿಲ್ಲ.

"ಅಳಬೇಡಿ ತಾಯಿ" ಎಂದರು ಸೆಕ್ರೆಟರಿ.

ಅತ್ತಿಗೆ ಎದ್ದು ನಿಂತು ಹೆಡ್ ಕಾನ್‌ಸ್ಟೇಬಲ್ಲಿಗೆ ಹೇಳಿದರು:

"ಸಾರ್, ಮದುವೆಯಾದ ಹೊಸದರಲ್ಲಿ ಇವರು ನನಗೆ ಅಂತ ಒಂದು ಪೆಟ್ಟಿಗೆ ಮಾಡಿದ್ರು. ಅದರ ಮುಚ್ಚಳ ಇವತ್ತಿನವರೆಗೆ ಮುಚ್ಚಿಲ್ಲ. ಮಗಳಿಗೆ ಅಂತ ಕೋಣೆ ಒಳಗೇ ಕೂತು ಮೇಜು ಮಾಡಿದ್ರು. ಮಗಳು ಮದುವೆಯಾಗಿ ಹೋದ್ಲು, ಮೇಜು ಹೊರಗೆ ಬರಲಿಲ್ಲ. ನನ್ನ ಅಳತೆ ತಗೊಂಡು ಚಪ್ಪಲಿ ತಂದ್ರು, ಅದು ನಮ್ಮಕ್ಕನಿಗಾಯ್ತು. ಈ ಮನುಷ್ಯ ಯಾರಿಗೆ ಅಂತ ಏನು ಮಾಡಿದ್ರೂ ಅವರಿಗೆ ಅದು ಆಗಿದ್ದನ್ನ ನಾನು ಕಂಡಿಲ್ಲ. ಇವರು ಕದ್ದು ಈ ಮನೆಗಳನ್ನ ಅಳೆದಿದ್ರೆ ಈ ಹಲಗೆ ಇಲ್ಲಿ ಕೂರ್ತಾನೇ ಇರಲಿಲ್ಲ. ಇಷ್ಟು ಚೆನ್ನಾಗಿ ಇಲ್ಲಿ ಕೂತಿದೆ ಅಂದಮೇಲೆ, ಇವರು ಅಳೆದಿದ್ದು ನಮ್ಮ ಮನೇನೇ."

ಸೂಪರಿಂಟೆಂಡೆಂಟರು ಬಾಯಿ ತೆರೆದು, ನಾನೇರಾಯರು ಬಿಗಿದುಕೊಟ್ಟ ಮೇಲೂ ಸೋರುವ ತಮ್ಮ ನಲ್ಲಿಯನ್ನು ನೆನಪಿಸಿಕೊಂಡು, ಮುಚ್ಚಿದರು. ಸೆಕ್ರೆಟರಿ ನರ್ಸಮ್ಮನ ಮುಖ ನೋಡಿದರು. ನರ್ಸಮ್ಮ ನಿಧಾನಕ್ಕೆ ತಲೆಯಾಡಿಸಿ, "ಅದೂ ನಿಜವೇ" ಎಂದರು.

"ಇಷ್ಟು ಸಾಕು" ಎಂದು ಹೆಡ್ ಕಾನ್‌ಸ್ಟೇಬಲ್ಲು ಟೋಪಿ ಹಾಕಿಕೊಂಡರು. "ನಾನು ಬರ್ತೀನಿ."

"ಏನು ಸಾಕು?" ಎಂದು ನಾನೇರಾಯರು ಮುಂದೆ ಬಂದರು. ಕಿವಿ ಕೆಂಪಾಗಿತ್ತು. "ನನಗೆ ಅಳೆಯೋಕೆ ಬರಲ್ಲ ಅಂತ ಎಲ್ಲರೂ ಒಪ್ಪಿಬಿಟ್ರಾ? ಸ್ಟೇಷನ್‌ಗೆ ಕರ್ಕೊಂಡು ಹೋಗಿ ನನ್ನ! ನನ್ನ ಅಳತೆ ಸರಿಯಾಗಿದೆ! ಅಚ್ಚು ತರ್ತೀನಿ, ನೀವೇ ನೋಡಿ!"

"ಸುಮ್ನಿರಿ ಸ್ವಾಮಿ" ಎಂದರು ಹೆಡ್ ಕಾನ್‌ಸ್ಟೇಬಲ್ಲು ಮೆಟ್ಟಿಲಿಳಿಯುತ್ತಲೇ. "ನಿಮ್ಮನ್ನ ಬಿಟ್ಟಾಯ್ತು. ಹಾಳು ಮಾಡ್ಕೋಬೇಡಿ."

ಜನ ಕರಗಿದರು. ಸೂಪರಿಂಟೆಂಡೆಂಟರು ಮಾತ್ರ ಕೊನೆಯಲ್ಲಿ ಉಳಿದು, ಗಂಟಲು ಸರಿಮಾಡಿಕೊಂಡು, "ಹೇಗೂ ಕೂತಿದೆಯಲ್ಲ... ಹಲಗೆಗಳು ಇಲ್ಲೇ ಇರಲಿ ಅಂತೀರಾ?" ಎಂದು ಕೇಳಿದರು. ನಾನೇರಾಯರು ಅವರನ್ನು ನೋಡಿದ ನೋಟಕ್ಕೆ ಬಾಗಿಲು ಹಾಕಿಕೊಂಡರು.

ಅತ್ತಿಗೆಯ ಚೀಲ ನನ್ನ ಕೈಯಲ್ಲಿತ್ತು, ಯಾವಾಗ ಕೊಟ್ಟರೋ ತಿಳಿಯದು. ಅದನ್ನು ಹಿಡಿದು ಅವರ ಹಿಂದೆ ಹೋದೆ. ನಾನೇರಾಯರು ಕೊನೆಗೂ ಪಕ್ಕಕ್ಕೆ ಸರಿದರು. ಕೋಣೆಯ ನಡುವೆ ಹೊಸ ಹಲಗೆಗಳು ನುಣ್ಣಗೆ ಹೊಳೆಯುತ್ತಿದ್ದವು. ಬಾಗಿಲುಗಳ ಬಳಿ ಎಲ್ಲ ಕಡೆಯೂ ಹಳೆಯ ಒಡಕು ಟೈಲ್ಸು ಬಾಯಿ ಬಿಟ್ಟುಕೊಂಡಿತ್ತು. ಎಡವುವವರಿಗೆ ಮೊದಲಿಗಿಂತ ಅನುಕೂಲವೇ ಆಗಿತ್ತು.

"ನೆಲ ಇನ್ನೂ ಆಗಿಲ್ಲ" ಎಂದರು ನಾನೇರಾಯರು, ತಲೆ ತಗ್ಗಿಸಿ. ಅವರ ದನಿಯಲ್ಲಿ ಆ ಹಿಂದಿನ ಜಂಬ ಒಂದು ಚೂರೂ ಇರಲಿಲ್ಲ. "ಆದ್ಮೇಲೆ ಫೋನ್ ಮಾಡೋಣ ಅಂತಿದ್ದೆ."

"ದಿನಾ ಫೋನ್ ಮಡಿಲಲ್ಲಿಟ್ಕೊಂಡು ಕೂತಿದ್ದೆ" ಎಂದರು ಅತ್ತಿಗೆ. "ಅಕ್ಕ ನಗ್ತಿದ್ಲು. ಕೊನೆಗೆ ಫೋನ್ ಬಂತು ಅಂತ ಎತ್ತಿ ನೋಡಿದ್ರೆ ಸೆಕ್ರೆಟರಿ."

"ಮಾಡ್ಬೇಡಿ ಅಂತ ನೀನೇ ಹೇಳಿದ್ದೆ."

"ಹೇಳಿದ್ದೆ. ಕಾರ್ಪೆಂಟರ್ ಕರೆಸಿ ಅಂತಾನೂ ಹೇಳಿದ್ದೆ. ಎರಡರಲ್ಲಿ ಈ ಒಂದು ಮಾತನ್ನೇ ಯಾಕೆ ಕೇಳಿದ್ರಿ?"

ನಾನೇರಾಯರು ಹೊಟ್ಟು ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡು, ಬಾಗಿಲ ಬಳಿಯ ಒಡಕಿನ ಆಚೆ ನಿಂತು, ಆ ಕೈ ಚಾಚಿದರು. "ಬೇಡ, ನನಗೆ ದಾಟೋಕೆ ಬರುತ್ತೆ" ಎಂದರು ಅತ್ತಿಗೆ. ಎಂದವರು ಕೈ ಹಿಡಿದುಕೊಂಡೇ ದಾಟಿದರು.